ಮುಖ ನೋಡಿ ಮಣೆ ಹಾಕಬೇಡಿ, ತೂಕ ನೋಡಿ ಹಾಕಿ



ಸರ್ಫಿಂಗ್ ಕಲಿಯಲು ಬಂದ ಸಣ್ಣ ಮೈಕಟ್ಟಿನ ಹುಡುಗಿಗಾಗಿ ನಮ್ಮ ಕರಾವಳಿಯ ಹೊಯಿಗೆಯ ಮೇಲೆ ಮೂರು ಮಾತುಗಳು ಕಾದುಕೊಂಡಿರುತ್ತವೆ. ಮೊದಲನೆಯದು, "ನೀನು ಸಣ್ಣವಳಲ್ವಾ, ಈ ಸಣ್ಣ ಬೋರ್ಡ್ ತಕೋ." ಎರಡನೆಯದು, "ಕಲಿಯುವವರಿಗೆಲ್ಲ ಒಂದೇ, ಆ ಒಂಬತ್ತಡಿಯದ್ದು ತಕೋ." ಈ ಎರಡರಲ್ಲಿ ಯಾವುದನ್ನು ನಂಬಿ ನೀರಿಗಿಳಿದರೂ ಒಂದು ಗಂಟೆ ಕಳೆದ ಮೇಲೆ ಮೂರನೆಯದು ಬಂದೇ ಬರುತ್ತದೆ: "ಬಿಡು, ಇದು ನಿನಗೆ ಆಗುವಂಥದ್ದಲ್ಲ. ಕೈಯಲ್ಲಿ ಬಲ ಇಲ್ಲ."

ಮೂರೂ ತಪ್ಪು. ಕನ್ನಡದಲ್ಲಿ ಹೇಳಿದರೂ ತಪ್ಪು, ತುಳುವಿನಲ್ಲಿ, ಕೊಂಕಣಿಯಲ್ಲಿ, ಮಲಯಾಳದಲ್ಲಿ ಹೇಳಿದರೂ ತಪ್ಪು. ಅದರಲ್ಲೂ ಮೂರನೆಯದು ಬರೀ ತಪ್ಪಲ್ಲ, ಅನ್ಯಾಯ. ಏಕೆಂದರೆ ಮೊದಲ ಎರಡು ಮಾತುಗಳು ಹುಟ್ಟಿಸಿದ ಸೋಲಿನ ಹೊಣೆಯನ್ನು ಅದು ಆ ಹುಡುಗಿಯ ತೋಳಿನ ಮೇಲೆ ಹೊರಿಸುತ್ತದೆ.

ಇದನ್ನು ಇಲ್ಲಿ ಬರೆಯಲು ಕಾರಣವಿದೆ. ಪರೀಕ್ಷೆ ಮುಗಿದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಯುವಕ ಯುವತಿಯರು ರೈಲು ಹತ್ತಿ ಮಂಗಳೂರು ದಾಟಿ ಸಸಿಹಿತ್ಲು, ಮೂಲ್ಕಿಗೆ ಹೋಗಿ ಸರ್ಫಿಂಗ್ ಕಲಿಯುವುದು ಈಗ ಹೊಸ ಸಂಗತಿಯಲ್ಲ. ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಇದೆ. ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಇದೆ. ದೇಶದ ದೊಡ್ಡ ಸರ್ಫಿಂಗ್ ಸ್ಪರ್ಧೆಗಳು ಸಸಿಹಿತ್ಲು, ಪಣಂಬೂರು ತೀರಗಳಲ್ಲಿ ನಡೆದಿವೆ. ದಕ್ಷಿಣಕ್ಕೆ ಹೋದರೆ ವರ್ಕಲ, ಕೋವಳಂ. ಕಡಲು ನಮ್ಮ ಮನೆಯ ಹಿಂದೆಯೇ ಇದೆ. ಆದರೂ ಪ್ರವಾಸದ ಫೋಟೋಗಳನ್ನು ನೋಡಿ: ಬೋರ್ಡಿನ ಮೇಲೆ ನಿಂತವರು ಹೆಚ್ಚಾಗಿ ಅಣ್ಣಂದಿರು. ತಂಗಿಯರು ತೀರದಲ್ಲಿ ಚಪ್ಪಲಿ, ಮೊಬೈಲು ಕಾಯುತ್ತಾ ಕೂತಿರುತ್ತಾರೆ. ಅವರಲ್ಲಿ ಹಲವರು ಒಮ್ಮೆ ನೀರಿಗಿಳಿದು ಸೋತು ಬಂದವರು. ಅವರ ಸೋಲಿನ ಅರ್ಧಕ್ಕಿಂತ ಹೆಚ್ಚು ಪಾಲು ಬೋರ್ಡಿನದ್ದು ಎಂಬುದು ನನ್ನ ವಾದ.

ಸಣ್ಣ ಆಳಿಗೆ ಸಣ್ಣ ಬೋರ್ಡ್ ಎಂಬ ಸುಳ್ಳು

ಚಪ್ಪಲಿ ಕಾಲಿನ ಅಳತೆಗೆ ಇರಬೇಕು, ಅಂಗಿ ಎದೆಯ ಅಳತೆಗೆ ಇರಬೇಕು. ಇದನ್ನೇ ಬೋರ್ಡಿಗೂ ಹಚ್ಚುವುದರಿಂದ ಮೊದಲ ತಪ್ಪು ಹುಟ್ಟುತ್ತದೆ. ಬೋರ್ಡ್ ತೊಡುವ ವಸ್ತುವಲ್ಲ, ಅದೊಂದು ದೋಣಿ. ನಮ್ಮೂರಿನ ಮೀನುಗಾರರಲ್ಲಿ ಯಾರಾದರೂ "ಇವನು ಕುಳ್ಳ, ಇವನಿಗೆ ಕುಳ್ಳ ದೋಣಿ ಸಾಕು" ಎಂದದ್ದುಂಟೇ? ಎಷ್ಟು ಭಾರ ಹೊರಬೇಕು, ಕಡಲು ಹೇಗಿದೆ, ನಡೆಸುವವನಿಗೆ ಎಷ್ಟು ಅನುಭವ ಇದೆ, ಇಷ್ಟನ್ನು ನೋಡಿ ದೋಣಿ ಇಳಿಸುತ್ತಾರೆ.

ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಆರ್ಕಿಮಿಡಿಸನ ತತ್ವ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರಿನಲ್ಲಿ ಮುಳುಗಿದ ವಸ್ತು ತಾನು ಪಕ್ಕಕ್ಕೆ ತಳ್ಳಿದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ಒತ್ತಲ್ಪಡುತ್ತದೆ. ಒಂದು ಲೀಟರ್ ಕಡಲ ನೀರಿನ ತೂಕ ಒಂದು ಕೆಜಿಗಿಂತ ಚೂರೇ ಹೆಚ್ಚು, ಸುಮಾರು 1.025 ಕೆಜಿ. ಹಾಗಾಗಿ ಲೆಕ್ಕ ಸುಲಭ: ಬೋರ್ಡಿನ ಗಾತ್ರ ಎಷ್ಟು ಲೀಟರೋ, ಅದು ಹೊರಬಲ್ಲ ಭಾರ ಹೆಚ್ಚು ಕಡಿಮೆ ಅಷ್ಟೇ ಕೆಜಿ. ಅದರಲ್ಲಿ ಬೋರ್ಡಿನ ಸ್ವಂತ ತೂಕವನ್ನೂ ಕಳೆಯಬೇಕು.

ಈಗ 45 ಕೆಜಿ ತೂಕದ, ಐದಡಿಗೆ ಒಂದಿಂಚು ಕಮ್ಮಿ ಇರುವ ಹುಡುಗಿಯನ್ನು ತೆಗೆದುಕೊಳ್ಳೋಣ. ಅವಳ ಕೈಗೆ ಟಿವಿಯಲ್ಲಿ ಕಾಣುವಂಥ ಚೂಪು ಮೂತಿಯ, 5 ಅಡಿ 8 ಇಂಚಿನ, 25 ಲೀಟರ್ ಗಾತ್ರದ ಬೋರ್ಡ್ ಬಂತು ಅನ್ನೋಣ. ಪೂರ್ತಿ ಮುಳುಗಿದರೂ ಅದು ಹೊರುವುದು 25 ಕೆಜಿ ಚಿಲ್ಲರೆ. ಬೋರ್ಡಿನದ್ದೇ ತೂಕ ಮೂರು ಕೆಜಿ ಕಳೆದರೆ ಉಳಿದದ್ದು 22 ಅಥವಾ 23 ಕೆಜಿ. ಹುಡುಗಿಯ ತೂಕ 45. ಉಳಿದ 22 ಕೆಜಿಯನ್ನು ಯಾರು ಹೊರಬೇಕು? ಅವಳ ಮೈಯೇ ಹೊರಬೇಕು, ಅಂದರೆ ಮೈಯ ಅರ್ಧದಷ್ಟು ಭಾಗ ನೀರಿನೊಳಗೆ ಇಳಿಯಬೇಕು. ಹೊಟ್ಟೆ, ತೊಡೆ, ಎದೆ ಎಲ್ಲವೂ ನೀರಿನೊಳಗೆ. ಅವಳು ಬೋರ್ಡಿನ ಮೇಲೆ ಮಲಗಿಲ್ಲ, ಮುಳುಗಿದ ಬೋರ್ಡನ್ನು ಅಪ್ಪಿಕೊಂಡು ನೀರಿನಲ್ಲಿ ಒದ್ದಾಡುತ್ತಿದ್ದಾಳೆ.

ಆ ಸ್ಥಿತಿಯಲ್ಲಿ ಅವಳು ತೆರೆ ಹಿಡಿಯಬೇಕು. ಆಳ ಕಡಿಮೆ ಇರುವಲ್ಲಿ ತೆರೆಯ ವೇಗ ನೀರಿನ ಆಳವನ್ನು ಅವಲಂಬಿಸಿರುತ್ತದೆ. ಒಂದು ಮೀಟರ್ ಆಳದಲ್ಲಿ ಅದು ಸೆಕೆಂಡಿಗೆ ಮೂರು ಮೀಟರಿನಷ್ಟು, ಗಂಟೆಗೆ ಸುಮಾರು 11 ಕಿಲೋಮೀಟರ್. ಹೊಸಬರು ಕೈಯಿಂದ ಪ್ಯಾಡಲ್ ಮಾಡಿ ಪಡೆಯುವ ವೇಗ ಇದರ ಅರ್ಧವನ್ನೂ ಮುಟ್ಟುವುದಿಲ್ಲ. ಹಾಗಾದರೆ ತೆರೆ ನಮ್ಮನ್ನು ಎತ್ತಿಕೊಂಡು ಹೋಗುವುದು ಹೇಗೆ? ಬೋರ್ಡ್ ನೀರಿನ ಮೇಲೆ ಜಾರುವ ಹಾಗಿದ್ದರೆ ತೆರೆಯ ಇಳಿಜಾರು ಉಳಿದ ವೇಗವನ್ನು ಕೊಡುತ್ತದೆ. ಮೈ ಅರ್ಧ ಮುಳುಗಿದ್ದರೆ ನೀರಿನ ಎಳೆತವೇ ಎಲ್ಲವನ್ನೂ ತಿಂದುಹಾಕುತ್ತದೆ, ತೆರೆ ಕೆಳಗಿನಿಂದ ದಾಟಿ ಹೋಗುತ್ತದೆ. ಹತ್ತು ತೆರೆ ಹೀಗೆ ಹೋದ ಮೇಲೆ ಯಾರ ತೋಳೂ ಸೋಲುತ್ತದೆ. ಇದಕ್ಕೆ "ಕೈಯಲ್ಲಿ ಬಲ ಇಲ್ಲ" ಎಂಬ ಹೆಸರು!

ಸಣ್ಣ ಮೈಯವರ ತೋಳೂ ಗಿಡ್ಡ ಎಂಬುದನ್ನು ಮರೆಯಬೇಡಿ. ಒಂದು ಬೀಸಿಗೆ ಅವರು ಹಿಂದಕ್ಕೆ ತಳ್ಳುವ ನೀರು ಕಡಿಮೆ. ಆದ್ದರಿಂದ ಒಂದು ಬೀಸಿನಿಂದ ಮುಂದಿನ ಬೀಸಿನವರೆಗೆ ನಿಲ್ಲದೆ ಜಾರುವ ಬೋರ್ಡ್ ಅವರಿಗೇ ಹೆಚ್ಚು ಬೇಕು. ಜಾರುವ ಗುಣ ಬರುವುದು ಉದ್ದದಿಂದ ಮತ್ತು ತೇಲುವ ಗಾತ್ರದಿಂದ.

"ಒಲಿಂಪಿಕ್ಸ್‌ನಲ್ಲಿ ಸಣ್ಣ ಬೋರ್ಡೇ ಅಲ್ವಾ?"

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿಗೆ ಸೇರಿದಾಗ ಹವಾಯಿಯ ಕರಿಸ್ಸಾ ಮೂರ್ ಮಹಿಳೆಯರ ಚಿನ್ನ ಗೆದ್ದರು. ಹೌದು, ಅಲ್ಲಿ ಓಡಿದ್ದು ಆರಡಿಯ ಆಸುಪಾಸಿನ ತೆಳ್ಳಗಿನ ಬೋರ್ಡ್‌ಗಳು. ಆ ಮಟ್ಟದವರು ತೆರೆ ಒಡೆಯುವ ಸರಿಯಾದ ಜಾಗದಲ್ಲಿ ಕ್ಷಣ ನೋಡಿ ಕಾದಿರುತ್ತಾರೆ, ನಾಲ್ಕು ಬೀಸಿಗೆ ವೇಗ ಪಡೆಯುತ್ತಾರೆ. ವೇಗ ಸಿಕ್ಕಿದ ಮೇಲೆ ಸಣ್ಣ ಬೋರ್ಡೂ ನೀರಿನ ಮೇಲೆದ್ದು ಓಡುತ್ತದೆ. ಸಣ್ಣ ಬೋರ್ಡ್ ಬರುವುದು ಕಲಿಕೆಯ ಕೊನೆಯಲ್ಲಿ. ಅದನ್ನು ಮೊದಲ ದಿನವೇ ಕೊಡುವುದು ಒಂದನೇ ತರಗತಿಯ ಮಗುವಿಗೆ ಡಿಗ್ರಿಯ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ.

"ಮಕ್ಕಳು ಐದಡಿಯ ಬೋರ್ಡಿನಲ್ಲಿ ಕಲಿಯುವುದಿಲ್ವಾ?" ಎಂದು ಇನ್ನೊಬ್ಬರು ಕೇಳುತ್ತಾರೆ. ಕಲಿಯುತ್ತಾರೆ. ಆದರೆ 25 ಕೆಜಿಯ ಮಗುವಿಗೆ 30 ಲೀಟರಿನ ದಪ್ಪ ಫೋಮ್ ಬೋರ್ಡ್ ಕೊಟ್ಟರೆ ಅದು ತೂಕಕ್ಕಿಂತ ಹೆಚ್ಚೇ ಆಯಿತಲ್ಲ. ನಮ್ಮ 45 ಕೆಜಿಯ ಹುಡುಗಿಗೂ ಅದೇ ನ್ಯಾಯ ಹಚ್ಚಿದರೆ 54 ಲೀಟರ್ ಕೊಡಬೇಕು. ಮಗುವಿನ ಉದಾಹರಣೆ ನನ್ನ ವಾದಕ್ಕೇ ಸಾಕ್ಷಿ ಹೇಳುತ್ತದೆ.

"ಕುಳ್ಳಗಿದ್ದರೆ ಗುರುತ್ವ ಕೇಂದ್ರ ಕೆಳಗೆ, ಸಮತೋಲ ಸುಲಭ, ಆದ್ದರಿಂದ ಸಣ್ಣ ಬೋರ್ಡ್ ಸಾಕು" ಎಂಬ ವಿಜ್ಞಾನದ ವೇಷದ ಮಾತೂ ಇದೆ. ಮೊದಲರ್ಧ ನಿಜ. ಆದರೆ ಆ ಅನುಕೂಲ ಸಿಗುವುದು ಎದ್ದು ನಿಂತ ಮೇಲೆ. ತೆರೆ ಹಿಡಿಯಲೇ ಆಗದವಳು ನಿಲ್ಲುವುದು ಎಲ್ಲಿ?

ಎಲ್ಲರಿಗೂ ಒಂದೇ ಮರದ ದಿಮ್ಮಿ ಎಂಬ ಇನ್ನೊಂದು ಸುಳ್ಳು

"ಹಾಗಾದರೆ ದೊಡ್ಡದನ್ನೇ ಕೊಡೋಣ" ಎಂದು ಓಡುವವರಿಗೂ ನನ್ನ ತಕರಾರಿದೆ. ಬಾಡಿಗೆಗೆ ಬೋರ್ಡ್ ಇಟ್ಟ ಅನೇಕ ಕಡೆ ಎಂಟಡಿ, ಒಂಬತ್ತಡಿಯ ಅಗಲವಾದ ಫೋಮ್ ಬೋರ್ಡ್‌ಗಳೇ ತುಂಬಿರುತ್ತವೆ. 75 ಕೆಜಿಯ ಗಂಡಸು ಕಲಿಯಲು ಅವು ಚೆನ್ನಾಗಿವೆ. ಗಾತ್ರ 86 ಲೀಟರಿನ ಒಂದು ಎಂಟಡಿ ಬೋರ್ಡ್ ತೆಗೆದುಕೊಳ್ಳಿ. ಅದು ಹೊರುವುದು ಸುಮಾರು 88 ಕೆಜಿ. ಅವನ 75, ಬೋರ್ಡಿನ 6 ಕಳೆದರೆ 7 ಕೆಜಿಯಷ್ಟು ತೇಲುವ ಬಲ ಉಳಿಯುತ್ತದೆ. ಸರಿಯಾದ ಅಳತೆ. ಅದೇ ಬೋರ್ಡಿನ ಮೇಲೆ 45 ಕೆಜಿಯವಳು ಮಲಗಿದರೆ 37 ಕೆಜಿ ಉಳಿಯುತ್ತದೆ. ಅವಳಿಗೆ ಅದು ಬೆಂಡು. ಬದಿ ನೀರಿಗೆ ಒತ್ತಿ ತಿರುಗಿಸೋಣವೆಂದರೆ ಒತ್ತಲು ಭಾರ ಸಾಲದು. ಗಾಳಿ ಬಂದರೆ ಗಾಳಿ ಹೇಳಿದ ಕಡೆ ಹೋಗುತ್ತದೆ. ನೊರೆತೆರೆ ಬಡಿದರೆ ಬೋರ್ಡೇ ಅವಳನ್ನು ಎಳೆದುಕೊಂಡು ದಡಕ್ಕೆ ಓಡುತ್ತದೆ.

ಒಂಬತ್ತಡಿಯದ್ದಾದರೆ ಕಷ್ಟ ಇನ್ನೂ ಹೆಚ್ಚು. ಅಗಲ 23, 24 ಇಂಚು ಇರುತ್ತದೆ. ಸಣ್ಣ ಭುಜದವಳು ಅದರ ಮೇಲೆ ಮಲಗಿದರೆ ಮೊಣಕೈ ಬೋರ್ಡಿನ ಅಂಚಿಗೆ ತಾಗುತ್ತದೆ. ನೀರಿಗೆ ಮುಟ್ಟುವುದು ಅಂಗೈ ಮಾತ್ರ, ಒಳತೋಳು ಉಜ್ಜಿ ಕೆಂಪಾಗುತ್ತದೆ. ಹಾಗೆ ಅರ್ಧ ಗಂಟೆ ಪ್ಯಾಡಲ್ ಮಾಡಿ ನೋಡಿ, ಆಮೇಲೆ ಬಲದ ಮಾತಾಡಿ. ಕಂಕುಳಲ್ಲಿ ಹೊತ್ತುಕೊಂಡು ಹೋಗಲೂ ಆಗುವುದಿಲ್ಲ, ಬೆರಳು ಕೆಳಗಿನ ಅಂಚಿಗೆ ಎಟುಕುವುದಿಲ್ಲ. ಹೊಯಿಗೆಯ ಮೇಲೆ ಎಳೆದುಕೊಂಡು ನೀರು ಮುಟ್ಟುವಷ್ಟರಲ್ಲಿ ಅರ್ಧ ದಣಿವು ಮುಗಿದಿರುತ್ತದೆ.

ನಮ್ಮ ಹಿಂದಿನ ತಲೆಮಾರಿನವರು ದೊಡ್ಡವರ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಮೈ ಓರೆ ಮಾಡಿ ಪೆಡಲ್ ತುಳಿದು ಕಲಿತರು. "ಹಾಗೆ ಕಲಿತವರೇ ಗಟ್ಟಿ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಕಲಿತವರು ಗಟ್ಟಿ, ಒಪ್ಪಿದೆ. ಆದರೆ ಮೊಣಕಾಲು ಒಡೆದುಕೊಂಡು ಸೈಕಲ್ಲನ್ನೇ ಬಿಟ್ಟವರ ಲೆಕ್ಕ ಇಟ್ಟವರು ಯಾರು? ಬೈಬಲಿನಲ್ಲಿ ದಾವೀದನಿಗೆ ಸೌಲನ ಕವಚ ತೊಡಿಸಿದ ಕಥೆ ನಮಗೆಲ್ಲ ಗೊತ್ತು. ತೊಟ್ಟು ನಡೆಯಲಾಗದಾಗ ಅವನು ಅದನ್ನು ಕಳಚಿಟ್ಟ. ಆ ಕಾರಣಕ್ಕೆ ಯಾರೂ ಅವನನ್ನು ದುರ್ಬಲ ಎನ್ನಲಿಲ್ಲ.

ಹಾಗಿದ್ದರೂ ಒಂದು ಮಾತು ನ್ಯಾಯವಾಗಿ ಹೇಳಬೇಕು. ಸರಿಯಾದದ್ದು ಸಿಗದೇ ಇದ್ದು ತೀರಾ ಸಣ್ಣದು ಮತ್ತು ತುಸು ದೊಡ್ಡದು ಇವೆರಡರ ನಡುವೆ ಆರಿಸಬೇಕಾಗಿ ಬಂದರೆ ಮೊದಲ ಒಂದೆರಡು ದಿನ ದೊಡ್ಡದೇ ಮೇಲು. ದೊಡ್ಡದರ ಮೇಲೆ ತೆರೆಯಾದರೂ ಸಿಗುತ್ತದೆ. ಸಣ್ಣದರ ಮೇಲೆ ಸಿಗುವುದು ಉಪ್ಪುನೀರು ಮಾತ್ರ.

ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ

ನಮ್ಮ ಯುವ ಘಟಕದಿಂದ ಹನ್ನೆರಡು ಮಂದಿ ಒಂದು ಕಡೆಗೆ ಕಲಿಯಲು ಹೋಗಿದ್ದೆವು. ಜಾಗದ ಹೆಸರು ಬೇಡ. ತುಂಬಿಸಲು ಫಾರ್ಮ್ ಕೊಟ್ಟರು. ಹೆಸರು, ಪ್ರಾಯ, ಫೋನ್ ನಂಬರ್, ರಕ್ತದ ಗುಂಪು, ಮನೆಯವರ ನಂಬರ್ ಎಲ್ಲ ಕೇಳಿದ್ದರು. ತೂಕ ಕೇಳಿರಲಿಲ್ಲ, ಎತ್ತರವನ್ನೂ ಕೇಳಿರಲಿಲ್ಲ. ಬೋರ್ಡ್‌ಗಳನ್ನು ಸಾಲಿನಲ್ಲಿ ನಿಂತ ಹಾಗೆ ಹಂಚಿದರು. ಸಾಲಿನ ಕೊನೆಯಲ್ಲಿದ್ದ, ಗುಂಪಿನಲ್ಲೇ ಚಿಕ್ಕವಳಾದ ತಂಗಿಗೆ ಸಿಕ್ಕಿದ್ದು ಉಳಿದುಹೋದ, ಅಲ್ಲಲ್ಲಿ ತೇಪೆ ಹಾಕಿದ 5 ಅಡಿ 10 ಇಂಚಿನ ಗಟ್ಟಿ ಬೋರ್ಡ್. "ನಿನ್ನ ಸೈಜಿಗೆ ಇದೇ ಸರಿ" ಎಂಬ ಮಾತೂ ಜೊತೆಗೆ ಬಂತು. ಮುಕ್ಕಾಲು ಗಂಟೆ ಅವಳು ಉಪ್ಪುನೀರು ಕುಡಿದಳು. ಆಮೇಲೆ ಗುಂಪಿನ ಇನ್ನೊಬ್ಬಳು ದಣಿದು ಬಂದು ತನ್ನ ಏಳೂವರೆ ಅಡಿಯ ಫೋಮ್ ಬೋರ್ಡನ್ನು ಅವಳಿಗೆ ಕೊಟ್ಟಳು. ಕಡಲು ಅದೇ, ತೋಳು ಅದೇ, ಕೋಚ್ ಅವರೇ. ನಾಲ್ಕನೆಯ ನೊರೆತೆರೆಗೆ ಅವಳು ಎದ್ದು ನಿಂತಳು. ಬದಲಾದದ್ದು ಕೈಯಲ್ಲಿದ್ದ ಹಲಗೆ ಒಂದೇ.

ಕಲಿಸುವವರ ಮೇಲೆ ನನಗೆ ಸಿಟ್ಟಿಲ್ಲ, ಬಿಸಿಲಲ್ಲಿ ನಿಂತು ದುಡಿಯುವವರು ಅವರು. ಬರುವ ಗಿರಾಕಿಗಳಲ್ಲಿ ಗಂಡಸರೇ ಹೆಚ್ಚು, ಅವರ ಅಳತೆಗೇ ಬೋರ್ಡ್ ಕೊಳ್ಳುತ್ತಾರೆ, ಅದೂ ಅರ್ಥವಾಗುತ್ತದೆ. ಆದರೆ ನನ್ನ ತಕ್ಕಡಿಯಲ್ಲಿ ಅರ್ಥವಾಗುವುದು ಬೇರೆ, ಒಪ್ಪಿಗೆಯಾಗುವುದು ಬೇರೆ. ಶುಲ್ಕ ಎಲ್ಲರಿಂದ ಒಂದೇ ತೆಗೆದುಕೊಂಡ ಮೇಲೆ ಎಲ್ಲರಿಗೂ ಕಲಿಯಲು ಆಗುವ ಬೋರ್ಡ್ ಕೊಡಬೇಕು.

ಹುಡುಗಿಗಾಗಿ ಮಾಡಿದ್ದು ಎಲ್ಲರದ್ದಾಯಿತು

"ಸಣ್ಣ ಹುಡುಗಿಯರಿಗಾಗಿ ಬೇರೆ ಬೋರ್ಡ್ ಇಡುವುದು ದಂಡ" ಎನ್ನುವವರು ಸರ್ಫಿಂಗಿನ ಚರಿತ್ರೆಯ ಒಂದು ಪುಟ ಓದಬೇಕು. 1940ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೋರ್ಡ್ ಅಂದರೆ ಗಂಡಸರೂ ಕಷ್ಟಪಟ್ಟು ಹೊರುವ ಭಾರದ ಮರದ ಹಲಗೆ. 1947ರಲ್ಲಿ ಜೋ ಕ್ವಿಗ್ ಎಂಬ ಬೋರ್ಡ್ ತಯಾರಕ, ಸಿನಿಮಾ ನಿರ್ಮಾಪಕ ಡ್ಯಾರಿಲ್ ಜಾನಕ್ ಅವರ ಮಗಳು ಡ್ಯಾರಿಲಿನ್‌ಗಾಗಿ ಹಗುರವಾದ, ಅವಳು ನಿಭಾಯಿಸಬಲ್ಲ ಒಂದು ಬೋರ್ಡ್ ಮಾಡಿದರು. ಉದ್ದ ಹತ್ತಡಿಗಿಂತ ಚೂರು ಹೆಚ್ಚು. ಗಮನಿಸಿ, ಹುಡುಗಿಗೆಂದು ಅವರು ಉದ್ದ ಕತ್ತರಿಸಲಿಲ್ಲ, ಭಾರ ಇಳಿಸಿದರು. ಮಾಲಿಬು ತೀರದ ಗಂಡಸರು ಅದನ್ನು ಕೇಳಿ ಪಡೆದು ಓಡಿಸಿ ನೋಡಿದರು. ತಮ್ಮ ಬೋರ್ಡ್‌ಗಳಿಗಿಂತ ಅದು ಚುರುಕಾಗಿ ತಿರುಗುತ್ತಿತ್ತು. ಅದೇ ದಾರಿಯಲ್ಲಿ ಮುಂದೆ ಹಗುರ ಬೋರ್ಡ್‌ಗಳ ಕಾಲ ಬಂತು.

1956ರಲ್ಲಿ ಅದೇ ಮಾಲಿಬುವಿಗೆ ಕ್ಯಾಥಿ ಕೋನರ್ ಎಂಬ ಹದಿಹರೆಯದ ಹುಡುಗಿ ಬಂದಳು. ಎತ್ತರ ಸುಮಾರು ಐದಡಿ. ಅಲ್ಲಿನ ಹುಡುಗರು ಹುಡುಗಿ ಮತ್ತು ಕುಳ್ಳಿ ಎಂಬ ಅರ್ಥದ ಎರಡು ಇಂಗ್ಲಿಷ್ ಶಬ್ದ ಬೆಸೆದು ಅವಳಿಗೆ 'ಗಿಜೆಟ್' ಎಂದು ಅಡ್ಡಹೆಸರಿಟ್ಟರು. ಅವಳ ಕಥೆಯನ್ನು ತಂದೆ ಫ್ರೆಡರಿಕ್ ಕೋನರ್ 1957ರಲ್ಲಿ ಕಾದಂಬರಿ ಮಾಡಿದರು, 1959ರಲ್ಲಿ ಸಿನಿಮಾ ಬಂತು. ಅದನ್ನು ನೋಡಿ ಎಷ್ಟೋ ಜನ ಕಡಲಿಗಿಳಿದರು. ಆ ಕುಳ್ಳ ಹುಡುಗಿಯ ಕಾಲದಲ್ಲಿ ನಿಂತು ಸವಾರಿ ಮಾಡಲು ಐದೂವರೆ ಅಡಿಯ ಬೋರ್ಡ್ ಬಳಕೆಯಲ್ಲಿರಲಿಲ್ಲ. 1960ರ ದಶಕದ ಕೊನೆಯವರೆಗೂ ಬೋರ್ಡ್ ಅಂದರೆ ಉದ್ದದ್ದೇ. ಐದಡಿಯ ಹುಡುಗಿ ಕಲಿತದ್ದು ಅದರ ಮೇಲೆ.

ನಮ್ಮ ತೀರದಲ್ಲೂ ದಾರಿ ಮಾಡಿದವರಿದ್ದಾರೆ. ಭಾರತದ ಮೊದಲ ಮಹಿಳಾ ಸರ್ಫರ್ ಎಂದು ಹೆಸರಾದ ಇಶಿತಾ ಮಾಳವಿಯ ಕಲಿತದ್ದು, ಶಾಕಾ ಸರ್ಫ್ ಕ್ಲಬ್ ಕಟ್ಟಿದ್ದು ನಮ್ಮ ಉಡುಪಿ ಕಡೆಯ ಕಡಲಿನಲ್ಲಿ. ತನ್ವಿ ಜಗದೀಶ್ ಮೂಲ್ಕಿಯ ನೀರಿನಿಂದ ಹೊರಟು, ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡಿನಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳವರೆಗೆ ಹೋದರು. ಹುಡುಗಿಯರಿಗೆ ಆಗುವುದಿಲ್ಲ ಎಂಬ ಮಾತು ನಮ್ಮ ಊರಿನಲ್ಲೇ ಸುಳ್ಳಾಗಿದೆ.

ಹಾಗಾದರೆ ಯಾವುದು ಸರಿ?

ಬೋರ್ಡಿನ ಅಡಿಭಾಗದಲ್ಲೋ ಮೇಲ್ಭಾಗದಲ್ಲೋ ಸಾಮಾನ್ಯವಾಗಿ ಅಂಕಿಗಳನ್ನು ಬರೆದಿರುತ್ತಾರೆ. ಮೊದಲನೆಯದು ಉದ್ದ, ಅಡಿ ಇಂಚಿನಲ್ಲಿ. ಎರಡನೆಯದು ಅಗಲ, ಮೂರನೆಯದು ದಪ್ಪ, ಇಂಚಿನಲ್ಲಿ. ಕೊನೆಯದು ಗಾತ್ರ, ಲೀಟರಿನಲ್ಲಿ. ಬೋರ್ಡಿನ ತುದಿಗಳು ಸಪೂರ ಆಗುವುದರಿಂದ ಮೊದಲ ಮೂರನ್ನು ಗುಣಿಸಿದರೆ ಗಾತ್ರ ಬರುವುದಿಲ್ಲ. ಲೀಟರನ್ನೇ ಕೇಳಿ.

ಐದಡಿಯ ಆಸುಪಾಸಿನ, 40ರಿಂದ 50 ಕೆಜಿಯ ಹೊಸಬರಿಗೆ ನಾನು ಹೇಳುವ ಅಳತೆ ಇದು.

ಉದ್ದ: ನಿಮ್ಮ ಎತ್ತರಕ್ಕೆ ಎರಡರಿಂದ ಮೂರು ಅಡಿ ಸೇರಿಸಿ. ಅಂದರೆ ಏಳರಿಂದ ಎಂಟು ಅಡಿ. ನಡುವಿನ ಏಳೂವರೆ ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಗಾತ್ರ: ಕೆಜಿಗೆ ಒಂದು ಲೀಟರಿಗಿಂತ ಕಡಿಮೆ ಬೇಡ, ಒಂದೂವರೆಗಿಂತ ಹೆಚ್ಚು ಬೇಕಾಗಿಲ್ಲ. 45 ಕೆಜಿಗೆ ಸುಮಾರು 50ರಿಂದ 65 ಲೀಟರ್ ಚೆನ್ನಾಗಿರುತ್ತದೆ. ನೀರಿಗೆ ಹೊಸಬರಾಗಿ ಭಯ ಇರುವವರು ಮೇಲಿನ ಅಂಕಿಗೆ ಹತ್ತಿರ ಇರಲಿ.

ಅಗಲ: 21ರಿಂದ 22 ಇಂಚು. ಪರೀಕ್ಷೆ ಸುಲಭ. ಕಂಕುಳಲ್ಲಿ ಇಟ್ಟುಕೊಂಡು ಕೈ ಕೆಳಗಿಳಿಸಿದಾಗ ಬೆರಳು ಕೆಳಗಿನ ಅಂಚನ್ನು ಹಿಡಿಯಬೇಕು. ಹಿಡಿಯದಿದ್ದರೆ ಅದು ನಿಮ್ಮ ಬೋರ್ಡ್ ಅಲ್ಲ. ಬೇರೆ ಗತಿಯಿಲ್ಲದಿದ್ದರೆ ತಲೆಯ ಮೇಲೆ ಹೊರಿ, ಅಥವಾ ಇಬ್ಬರು ಸೇರಿ ಎರಡು ಬೋರ್ಡ್ ಹೊರಿ. ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮನೆ ನಡೆಸಿದ ಅಮ್ಮಂದಿರ ಊರು ನಮ್ಮದು, ನಾಚಿಕೆ ಏಕೆ?

ಬಗೆ: ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡ್, ರಬ್ಬರಿನಂಥ ಮೆತ್ತನೆಯ ಫಿನ್. ಬಿದ್ದಾಗ ತಲೆಗೆ ತಾಗುವುದು ಹೆಚ್ಚಾಗಿ ನಮ್ಮದೇ ಬೋರ್ಡ್.

ಕಾಲಿಗೆ ಕಟ್ಟುವ ಲೀಶ್: ಹೆಚ್ಚು ಕಡಿಮೆ ಬೋರ್ಡಿನಷ್ಟೇ ಉದ್ದ. ಸಣ್ಣ ಕಣಕಾಲಿಗೆ ಪಟ್ಟಿ ಸಡಿಲವಾಗುತ್ತದೆ, ಬಿಗಿ ಮಾಡಿಸಿಕೊಳ್ಳಿ.

ಬಟ್ಟೆ: ಇದು ಬೋರ್ಡಿನ ಅಳತೆಗೂ ಸೇರಿದ ವಿಷಯ. ಹತ್ತಿಯ ಚೂಡಿದಾರ, ಜೀನ್ಸ್ ನೀರು ಕುಡಿದರೆ ಭಾರ ಏರುತ್ತದೆ, ಏಳುವಾಗ ಕಾಲಿಗೆ ಅಂಟುತ್ತದೆ. ಮೈ ಮುಚ್ಚಬೇಕೆಂದಿದ್ದರೆ ಬೇಗ ಒಣಗುವ, ಮೈಗೆ ಹತ್ತಿರವಾದ ಉದ್ದ ತೋಳಿನ ಟಿ-ಶರ್ಟ್, ಲೆಗಿಂಗ್ಸ್ ಸಾಕು.

ಬೋರ್ಡ್ ಸಿಕ್ಕಿದ ಮೇಲೆ ಮಲಗುವ ಜಾಗವನ್ನೂ ನೋಡಿಕೊಳ್ಳಬೇಕು. ಮುಂದೆ ಜಾಸ್ತಿ ಹೋದರೆ ಮೂತಿ ನೀರಿಗೆ ಚುಚ್ಚುತ್ತದೆ, ಹಿಂದೆ ಉಳಿದರೆ ಮೂತಿ ಆಕಾಶ ನೋಡುತ್ತದೆ, ತೆರೆ ಸಿಗುವುದಿಲ್ಲ. ಮೂತಿ ನೀರಿನಿಂದ ಒಂದೆರಡು ಇಂಚು ಮಾತ್ರ ಮೇಲಿರುವ ಜಾಗ ಹುಡುಕಿ, ಗಲ್ಲ ಬರುವಲ್ಲಿ ಗುರುತು ಹಾಕಿಸಿಕೊಳ್ಳಿ. ಉದ್ದದ ಆಳಿಗೆಂದು ತೋರಿಸಿದ ಗುರುತು ನಿಮಗೆ ಹೊಂದುವುದಿಲ್ಲ.

"ದೊಡ್ಡ ಬೋರ್ಡ್ ಅಪಾಯ ಅಲ್ವಾ?" ಎಂದು ಮನೆಯವರು ಕೇಳುವುದು ಸಹಜ. ಚೆನ್ನಾಗಿ ತೇಲುವ ಬೋರ್ಡ್ ಕಾಲಿಗೆ ಕಟ್ಟಿದ ತೇಲುಗುಂಡೂ ಹೌದು, ದಣಿದಾಗ ಹಿಡಿದುಕೊಳ್ಳಲು ಆಸರೆ. ಅಪಾಯ ಇರುವುದು ಅದನ್ನು ಹಿಡಿಯುವ ಕ್ರಮದಲ್ಲಿ. ತೆರೆ ಬರುವಾಗ ಬೋರ್ಡನ್ನು ನಿಮ್ಮ ಮತ್ತು ತೆರೆಯ ನಡುವೆ ಅಡ್ಡ ಹಿಡಿಯಬೇಡಿ. ಮೂತಿಯನ್ನು ತೆರೆಯ ಕಡೆಗೆ ನೇರ ಮಾಡಿ, ಬೋರ್ಡ್ ಪಕ್ಕದಲ್ಲಿರಲಿ. ಈಜು ಬಾರದವರು ಮೊದಲು ಈಜು ಕಲಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಕಡಲು ಹೊಸಬರದ್ದಲ್ಲ.

"ತಿಂಗಳೊಳಗೆ ಸಣ್ಣ ಬೋರ್ಡಿಗೆ ಹೋಗುತ್ತೇವೆ, ದೊಡ್ಡದು ಕೊಂಡರೆ ಹಣ ದಂಡ" ಎನ್ನುವವರಿಗೆ ಉತ್ತರ ಒಂದೇ: ಕೊಳ್ಳಬೇಡಿ, ಬಾಡಿಗೆಗೆ ಪಡೆಯಿರಿ. ಹಸಿರು ತೆರೆಯನ್ನು ಯಾರ ಸಹಾಯವೂ ಇಲ್ಲದೆ ಹಿಡಿದು, ಎದ್ದು, ಬೇಕಾದ ಕಡೆ ತಿರುಗಿಸಲು ಬಂದ ದಿನ ಅರ್ಧ ಅಡಿ ಕಡಿಮೆ ಮಾಡಿ. ಅದಕ್ಕೆ ಮೊದಲು ಬೇಡ.

ನಾವು ಮಾಡಬೇಕಾದದ್ದು

ಪ್ರವಾಸ ಏರ್ಪಡಿಸುವ ಯುವ ಘಟಕದ ಮುಂದಾಳುಗಳೇ, ನಿಮಗೆ ನೇರವಾಗಿ ಹೇಳುತ್ತೇನೆ. ಬಸ್ಸು, ಊಟ, ಟಿ-ಶರ್ಟಿನ ಸೈಜು ಎಲ್ಲ ಮೊದಲೇ ಕೇಳುತ್ತೀರಿ. ಜೊತೆಗೆ ತೂಕ, ಎತ್ತರವನ್ನೂ ಕೇಳಿ ಪಟ್ಟಿ ಮಾಡಿ, ಕಲಿಸುವವರಿಗೆ ವಾರ ಮುಂಚೆ ಕಳಿಸಿ. ತೂಕವನ್ನು ಎಲ್ಲರೆದುರು ಕೂಗಿ ಕೇಳಬೇಡಿ, ಒಬ್ಬ ಅಕ್ಕನಿಗೆ ಆ ಜವಾಬ್ದಾರಿ ಕೊಡಿ. "ಏಳಡಿ, ಏಳೂವರೆ ಅಡಿಯ ಫೋಮ್ ಬೋರ್ಡ್ ಎಷ್ಟಿವೆ?" ಎಂದು ಮುಂಗಡ ಕೊಡುವ ಮೊದಲು ಕೇಳಿ. ಒಂದೂ ಇಲ್ಲ ಎಂದರೆ ಇನ್ನೊಂದು ಕಡೆ ವಿಚಾರಿಸಿ. ಹನ್ನೆರಡು ಮಂದಿಯ ಗಿರಾಕಿ ಕೈತಪ್ಪಿದರೆ ಮುಂದಿನ ವರ್ಷ ಅವರೇ ತರಿಸಿಡುತ್ತಾರೆ. ಬೋರ್ಡ್ ಹಂಚುವಾಗ ಸಾಲಿನ ಕೊನೆಯಿಂದಲ್ಲ, ತೂಕದ ಪಟ್ಟಿಯಿಂದ ಹಂಚಿಸಿ.

ತಂಗಿಯರೇ, ನಿಮಗೂ ಒಂದು ಮಾತು. ಕೊಟ್ಟದ್ದನ್ನು ತಲೆಬಗ್ಗಿಸಿ ತೆಗೆದುಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲೇ ಕಲಿತದ್ದು. ಇಲ್ಲಿ ಅದು ಬೇಡ. "ಇದು ಎಷ್ಟು ಲೀಟರ್, ಅಣ್ಣ?" ಎಂದು ಕೇಳಿ. ಉತ್ತರ ನಿಮ್ಮ ತೂಕಕ್ಕಿಂತ ಕಡಿಮೆಯಿದ್ದರೆ "ಬೇರೆ ಕೊಡಿ" ಎನ್ನಿ. ಇಷ್ಟು ಕೇಳುವುದು ಜಗಳವಲ್ಲ. ಮೆಡಿಕಲ್ ಅಂಗಡಿಯಲ್ಲಿ ಔಷಧದ ಮೇಲಿನ ತಾರೀಕು ನೋಡುವುದನ್ನು ಯಾರೂ ಜಗಳ ಎನ್ನುವುದಿಲ್ಲ.

ಅಣ್ಣಂದಿರೇ, ಏಳೂವರೆ ಅಡಿಯದ್ದು ನಿಮ್ಮ ಕೈಗೆ ಬಂದಿದ್ದರೆ ಪಕ್ಕದವಳ ಕೈಯಲ್ಲಿರುವುದನ್ನು ಒಮ್ಮೆ ನೋಡಿ. ಬದಲಾಯಿಸಿಕೊಳ್ಳಲು ಅರ್ಧ ನಿಮಿಷ ಸಾಕು.

ಮುಖ ನೋಡಿ ಮಣೆ ಹಾಕುವುದು ನಮ್ಮಲ್ಲಿ ಹಳೆಯ ಚಾಳಿ. ಕಡಲಿಗೆ ಮುಖದ ಗುರುತಿಲ್ಲ, ಅದು ತೂಕವನ್ನೂ ತೇಲುವ ಗಾತ್ರವನ್ನೂ ಮಾತ್ರ ಕೇಳುತ್ತದೆ. ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ನಮ್ಮ ಮುಂದಿನ ತಂಡ ಹೊರಡುತ್ತದೆ. ಆ ದಿನ ಚಪ್ಪಲಿ, ಮೊಬೈಲು ಕಾಯುವ ಸರದಿ ಎಲ್ಲರಿಗೂ ಬರಲಿ, ಬೋರ್ಡಿನ ಮೇಲೆ ನಿಲ್ಲುವ ಸರದಿಯೂ ಎಲ್ಲರಿಗೂ ಬರಲಿ.